ಬಹರೈನಿನಲ್ಲಿ ಮಂಜುಗಡ್ಡೆ ಮೀನುಗಾರಿಕೆ

ಗಂಡ ತಂದ ಮೀನಿನ ಕಿವಿರು ಎತ್ತಿ ನೋಡುವ ಹಕ್ಕು ಹೆಂಡತಿಗೆ ಇದೆಯೇ? ಈ ಗಹನವಾದ ಪ್ರಶ್ನೆ ವಸಂತಕುಮಾರನನ್ನು ಸರಿಯಾಗಿ ಒಂದು ವರ್ಷದಿಂದ ಕಾಡುತ್ತಿತ್ತು.

ಹಿಂದಿನ ಚಳಿಗಾಲದಲ್ಲಿ ಅವನು ಗೆಳೆಯ ಕೊಸ್ಮಸ್‌ನ ಪುಟ್ಟ ಫೈಬರ್ ದೋಣಿಯಲ್ಲಿ ಮೂರು ಶುಕ್ರವಾರ ಸಮುದ್ರಕ್ಕೆ ಹೋಗಿದ್ದ. ಮೊದಲ ಶುಕ್ರವಾರ ಮೀನು ಸಿಗಲಿಲ್ಲ. ಎರಡನೆಯ ಶುಕ್ರವಾರ ಗಾಳವೂ ಉಳಿಯಲಿಲ್ಲ. ಮೂರನೆಯ ಶುಕ್ರವಾರ ವಾಪಸು ಬರುವಾಗ ಮುಹರ್ರಕ್ಕಿನ ಮೀನು ಮಾರುಕಟ್ಟೆಯ ಮುಂದೆ ಕಾರು ತಾನಾಗಿಯೇ ನಿಂತಿತು (ಹಾಗೆಂದು ಅವನು ಇಂದಿಗೂ ಸಾಧಿಸುತ್ತಾನೆ). ಅಲ್ಲಿ ಒಂದು ದಪ್ಪ ಮೀನು ಕೊಂಡು, ಕ್ಯಾನಿನಲ್ಲಿದ್ದ ಸಮುದ್ರದ ನೀರಿನಿಂದ ಅದಕ್ಕೆ ಅಭಿಷೇಕ ಮಾಡಿ, ದಿಗ್ವಿಜಯ ಮುಗಿಸಿ ಬಂದವನಂತೆ ಮನೆಯ ಬೆಲ್ ಒತ್ತಿದ್ದ. ಉಷಾಲತಾ ಮೀನನ್ನು ಕೈಗೆ ತೆಗೆದುಕೊಂಡಳು, ಹೆಬ್ಬೆರಳಿನಿಂದ ಕಿವಿರು ಎತ್ತಿದಳು, ಗಂಡನ ಮುಖ ನೋಡಿದಳು.

"ಇದು ಎರಡು ದಿನ ಐಸಿನಲ್ಲಿ ಮಲಗಿದ ಮೀನು. ನೀವು ಗಾಳ ಹಾಕಿದ್ದು ಸಮುದ್ರಕ್ಕಾ, ಫ್ರಿಜ್ಜಿಗಾ?"

ಉಷಾಲತಾಳ ತವರು ಮಲ್ಪೆ. ಅಪ್ಪನಿಗೆ ಎರಡು ದೋಣಿ. ಅಂಬೆಗಾಲಿಡುವಾಗಲೇ ಬಂಗುಡೆಯ ಬುಟ್ಟಿಯ ನಡುವೆ ಆಡಿದ ಹೆಣ್ಣು ಅವಳು. ವಸಂತಕುಮಾರನ ಅಪ್ಪನೂ ಕರಾವಳಿಯವರೇ, ಆದರೆ ಅಂಚೆ ಇಲಾಖೆಯವರು ಅವರನ್ನು ಹಾವೇರಿ, ಗದಗ, ಕೊಪ್ಪಳ ಎಂದು ಓಡಿಸಿದ್ದರಿಂದ ಮಗ ಸಮುದ್ರವನ್ನು ಮೊದಲು ಕಂಡದ್ದು ಗೋಡೆಯ ಕ್ಯಾಲೆಂಡರಿನಲ್ಲಿ. ಆ ಕೊರತೆ ಅವನನ್ನು ಮದುವೆಯಾದಾಗಿನಿಂದ ಚುಚ್ಚುತ್ತಿತ್ತು. ಫ್ರಿಜ್ಜಿನ ಮಾತು ಕೇಳಿದ ಮೇಲೆ ಅದು ಹುಣ್ಣೇ ಆಯಿತು. ಪುಣ್ಯಕ್ಕೆ ಆ ಸಂಗತಿಯನ್ನು ಯಾರಿಗೂ ಹೇಳುವುದಿಲ್ಲವೆಂದು ಉಷಾಲತಾ ಮಾತು ಕೊಟ್ಟಿದ್ದಳು.

ತೊಂಬತ್ತಾರರ ನವೆಂಬರಿನಲ್ಲಿ ಅವರ ಮದುವೆಗೆ ಹದಿನೈದು ವರ್ಷ ತುಂಬುವುದಿತ್ತು. ತಿಂಗಳ ಕೊನೆಯ ಶುಕ್ರವಾರ ಮಧ್ಯಾಹ್ನ ಕೊಸ್ಮಸ್, ಅವನ ಹೆಂಡತಿ ಪೌಲಿನ್ ಸೇರಿ ಹನ್ನೆರಡು ಮಂದಿಗೆ ಊಟಕ್ಕೆ ಹೇಳಿಯೂ ಆಗಿತ್ತು. ಅದನ್ನು ಹೇಳುವಾಗ ವಸಂತಕುಮಾರನ ನಾಲಿಗೆ ಸ್ವಲ್ಪ ಉದ್ದವಾಗಿ, "ಅವತ್ತಿನ ಮೀನು ನಾನೇ ಹಿಡಿದು ತರುವುದು" ಎಂದೂ ಎಲ್ಲರಿಗೂ ಸಾರಿಬಿಟ್ಟಿದ್ದ.

"ಒಳ್ಳೇದೇ ಆಯ್ತು," ಎಂದಳು ಉಷಾಲತಾ. "ನಾನು ಮಾರ್ಕೆಟಿನಿಂದ ಒಂದು ಸಿಗಡಿ ಸಹ ತರುವುದಿಲ್ಲ. ಮಸಾಲೆ ಕಡೆದು ಇಡ್ತೇನೆ, ಅಷ್ಟೆ. ನೀವು ಬರಿಗೈಯಲ್ಲಿ ಬಂದ್ರೆ ಎಲ್ಲರಿಗೂ ಟೊಮೆಟೊ ಸಾರು. ಸಾರಿನ ಜೊತೆ ನಂಜಿಕೊಳ್ಳಲಿಕ್ಕೆ ಹೋದ ವರ್ಷದ ಫ್ರಿಜ್ಜಿನ ಮೀನಿನ ಕಥೆ."

"ಅದನ್ನು ಹೇಳುವುದಿಲ್ಲ ಅಂತ ಮಾತು ಕೊಟ್ಟಿದ್ದೆ ನೀನು!"

"ಬರಿಗೈಯಲ್ಲಿ ಬರುವವರಿಗೆ ಕೊಟ್ಟದ್ದಲ್ಲ ಆ ಮಾತು."

ವಸಂತಕುಮಾರನಿಗೆ ಬೆವರೊಡೆಯಿತು. ಆದರೆ ಅವನೇನು ಸಾಮಾನ್ಯನೇ? ಅಸ್ಕರ್ ಹತ್ತಿರದ ಅಲ್ಯುಮಿನಿಯಂ ಕಾರ್ಖಾನೆಯಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನೀಶಿಯನ್. ಮೀಟರಿನ ಮುಳ್ಳು ತೋರಿಸಿದ್ದನ್ನು ಮಾತ್ರ ನಂಬುವವನು. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ತಾಯಂದಿರ ಮೇಲೆ ಅವನಿಗೆ ಅಪಾರ ಕನಿಕರ. ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುವ ಮೊದಲು ಥರ್ಮಾಮೀಟರ್ ಅದ್ದಬೇಕೆಂದು ಅವನ ಕಟ್ಟಪ್ಪಣೆ (ಅದು ನಡೆಯುವುದು ಅವನು ಅಡುಗೆಮನೆಯಲ್ಲಿ ನಿಂತಿರುವಷ್ಟು ಹೊತ್ತು ಮಾತ್ರ). ಕಳೆದ ವರ್ಷ ಸೋತದ್ದು ತಾನಲ್ಲ, ತನ್ನ ಬಳಿ ಮೀಟರ್ ಇಲ್ಲದಿದ್ದುದೇ ಕಾರಣ ಎಂದು ಅವನಿಗೆ ಹೊಳೆಯಿತು. ಸರಿ, ನೀರಿನಡಿಯ ಮೀನನ್ನು ತೋರಿಸುವ ಫಿಶ್ ಫೈಂಡರ್ ಯಂತ್ರ ಕೊಳ್ಳುವುದೆಂದು ತೀರ್ಮಾನವಾಯಿತು.

ಹೆಣ್ಣು ನೋಡಲು ಹೋದಾಗಲೂ ಅವನು ಅಷ್ಟು ವಿಚಾರಿಸಿರಲಿಲ್ಲ. ಗ್ರಾಫ್ ಹಾಳೆಯ ಮೇಲೆ ಹದಿನಾಲ್ಕು ಕಾಲಂ ಎಳೆದು ಎಷ್ಟು ಆಳ ಕಾಣುತ್ತದೆ, ಬ್ಯಾಟರಿ ಯಾವುದು, ಬಿಸಿಲಿಗೆ ಪರದೆ ಮಂಕಾಗುತ್ತದೆಯೇ ಎಂದೆಲ್ಲ ತುಂಬಿಸಿದ. ಅಂಗಡಿಯಲ್ಲಿದ್ದ ಬಣ್ಣದ ಜಪಾನಿ ಯಂತ್ರಕ್ಕೆ ಕೊಸ್ಮಸ್‌ನ ದೋಣಿಗಿಂತ ದೊಡ್ಡ ಬ್ಯಾಟರಿ ಬೇಕಿತ್ತು. ಇನ್ನೊಂದು ಪರದೆಯ ಮೇಲೆ ಮುದ್ದಾದ ಪುಟ್ಟ ಮೀನಿನ ಚಿತ್ರ ತೋರಿಸುತ್ತಿತ್ತು, ಆದರೆ ನೀರಿನ ಗುಳ್ಳೆಯನ್ನೂ ಪಾಚಿಯನ್ನೂ ಕೂಡ ಮೀನೆಂದೇ ತೋರಿಸುತ್ತದೆ ಎಂದು ಗೊತ್ತಾಗಿ ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ. ಇಂತಹ ಸಂದಿಗ್ಧದಲ್ಲಿ ದೇವರಂತೆ ಬಂದವನು ಕಾರ್ಖಾನೆಯ ಕೆನಡಾ ಇಂಜಿನಿಯರ್ ಎಡ್ಮಂಡ್. ಅವನು ಕೆಲಸ ಬಿಟ್ಟು ಊರಿಗೆ ಹೊರಟಿದ್ದ. ಮಾರಲಿಟ್ಟ ಮನೆಯ ಸಾಮಾನುಗಳ ನಡುವೆ ನೀಲಿ ಪೆಟ್ಟಿಗೆಯ ಒಂದು ಫಿಶ್ ಫೈಂಡರ್ ಇತ್ತು. ಗುಂಡಗಿನ ಡಯಲ್, ಅದರೊಳಗೆ ತಿರುಗುವ ಕೆಂಪು ಹಸಿರು ದೀಪದ ಗೆರೆ. ಸಾಕ್ಷಾತ್ ಮೀಟರ್! ಅದನ್ನು ಕಂಡದ್ದೇ ವಸಂತಕುಮಾರನ ಹದಿನಾಲ್ಕು ಕಾಲಮ್ಮುಗಳು ಹಾರಿಹೋದವು.

ಒಂದೇ ತೊಡಕೆಂದರೆ, ಅದು ಕೆನಡಾದಲ್ಲಿ ಸರೋವರ ಹೆಪ್ಪುಗಟ್ಟಿದಾಗ ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿಯುವವರ ಯಂತ್ರ. ಮತ್ತು ಇಡೀ ಸೆಟ್ಟನ್ನೇ ಒಯ್ಯಬೇಕೆಂದು ಎಡ್ಮಂಡ್‌ನ ಹಟ. ಹಾಗಾಗಿ ಯಂತ್ರದ ಜೊತೆಗೆ ಮಂಜು ಕೊರೆಯುವ ಆಳೆತ್ತರದ ಕೈಬೈರಿಗೆ, ಕರಡಿಗೂ ಸೆಕೆಯಾಗುವಂಥ ಕೋಟು, ಒಂದು ಮೊಳದ ಗಾಳದ ಕೋಲು, ಎಲ್ಲವೂ ಮನೆಗೆ ಬಂದವು.

"ಇದೆಂತ ಮಾರಾಯ್ರೇ? ಬೋರ್‌ವೆಲ್ ತೆಗೀತೀರಾ?" ಎಂದು ಬೈರಿಗೆಯನ್ನು ನೋಡಿ ಉಷಾಲತಾ ಕೇಳಿದಳು.

"ಇದು ಐಸ್ ಕೊರೆಯುವುದು."

"ಬಹರೈನಿನಲ್ಲಿ ಐಸ್ ಎಲ್ಲುಂಟು?"

"ಯಂತ್ರ ಮುಖ್ಯ ಉಷಾ, ಐಸ್ ಅಲ್ಲ!"

ಎರಡೇ ದಿನದಲ್ಲಿ ಅವಳು ಬೈರಿಗೆಯನ್ನು ಬಾಲ್ಕನಿಯ ಕುಂಡದಲ್ಲಿ ನೆಟ್ಟು ಮನಿಪ್ಲಾಂಟ್ ಹಬ್ಬಿಸಿದಳು.

ಯಂತ್ರದ ಜೊತೆ ಬಂದ ಪುಸ್ತಕವನ್ನು ವಸಂತಕುಮಾರ ಪಾರಾಯಣ ಮಾಡಿದ. ಮಂಜು ನಾಲ್ಕು ಇಂಚು ದಪ್ಪವಿರದಿದ್ದರೆ ಅದರ ಮೇಲೆ ಕಾಲಿಡಬೇಡಿ ಎಂಬುದು ಮೊದಲ ನಿಯಮ. ಅದನ್ನು ಪಾಲಿಸುವುದು ಬಹರೈನಿನಲ್ಲಿ ಕಷ್ಟವಾಗಲಿಲ್ಲ. ನೀರಿನೊಳಕ್ಕೆ ಇಳಿಬಿಡುವ ಕಣ್ಣು ಅಲುಗಾಡದಂತೆ ಮಂಜಿನ ತೂತಿನ ನಟ್ಟನಡುವೆ ನೇತಾಡಬೇಕು ಎಂಬ ಏಳನೆಯ ನಿಯಮ ಬಂದಾಗ ಮಾತ್ರ ಅವನು ತಲೆ ಕೆರೆದುಕೊಂಡ. ಪುಸ್ತಕ ಹೇಳಿದ್ದನ್ನು ಮೀರುವ ಜಾಯಮಾನ ಅವನದಲ್ಲ. ಬೆಳ್ಳಗಿರಬೇಕು, ತೇಲಬೇಕು, ತೂತು ಕೊರೆಯಲು ಬರಬೇಕು. ಅಡುಗೆಮನೆಯಲ್ಲಿ ಉಷಾಲತಾ ಮಾರ್ಕೆಟ್ಟಿಗೆ ಒಯ್ಯುವ ಥರ್ಮಕೋಲ್ ಪೆಟ್ಟಿಗೆಯ ಮುಚ್ಚಳ ಕಣ್ಣಿಗೆ ಬಿತ್ತು. ನಾಲ್ಕು ಇಂಚಿಲ್ಲ, ಎರಡೇ ಇಂಚು. ಆದರೂ ಬಹರೈನಿನ ಮಟ್ಟಿಗೆ ಅದೇ ಮಂಜುಗಡ್ಡೆ. ಬ್ರೆಡ್ ಕೊಯ್ಯುವ ಚೂರಿಯಿಂದ ಗುಂಡಗೆ ತೂತು ಮಾಡಿದ. ಮುಚ್ಚಳದ ಮೇಲೆ ಅವಳು ಉಷಾಲತಾ ಎಂದೂ ಫ್ಲಾಟ್, ಬಿಲ್ಡಿಂಗ್, ರಸ್ತೆಯ ನಂಬರುಗಳನ್ನೂ ಮಾರ್ಕರಿನಲ್ಲಿ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದಳು. ಎರವಲು ಒಯ್ದ ನೆರೆಯವರು ತಮ್ಮದೇ ಎಂದು ಇಟ್ಟುಕೊಳ್ಳಬಾರದಲ್ಲ, ಅದಕ್ಕೆ.

ಆ ಶುಕ್ರವಾರ ಬೆಳಿಗ್ಗೆ ಆರಕ್ಕೆ ಕೊಸ್ಮಸ್‌ನ ದೋಣಿ ಸಿತ್ರಾದ ದಡ ಬಿಟ್ಟಿತು. ಮುಚ್ಚಳವನ್ನು ಪಕ್ಕದಲ್ಲಿ ತೇಲಿಬಿಟ್ಟು, ತೂತಿನಿಂದ ಯಂತ್ರದ ಕಣ್ಣನ್ನು ಇಳಿಸಿ, ವಸಂತಕುಮಾರ ಡಯಲಿನ ಮುಂದೆ ಧ್ಯಾನಸ್ಥನಾದ. ಏಳಾಯಿತು, ಎಂಟಾಯಿತು. ಡಯಲಿನಲ್ಲಿ ಸಮುದ್ರದ ತಳ ಬಿಟ್ಟರೆ ಮತ್ತೇನೂ ಇಲ್ಲ.

"ಆ ಡಬ್ಬಿ ಬದಿಗಿಟ್ಟು ಗಾಳ ಹಾಕು ಮಾರಾಯಾ," ಎಂದ ಕೊಸ್ಮಸ್. "ಬರಿಗೈಯಲ್ಲಿ ಹೋದ್ರೆ ಪೌಲಿನ್ ನನಗೂ ಬೈತಾಳೆ. ಅವಳು ಸಾರು ಉಣ್ಣುವ ಜನ ಅಲ್ಲ."

ಎಂಟೂವರೆಗೆ ಡಯಲಿನಲ್ಲಿ ತಳಕ್ಕಿಂತ ಸ್ವಲ್ಪ ಮೇಲೆ ದಪ್ಪ ಕೆಂಪು ಗೆರೆ ಎದ್ದಿತು. ಅಲುಗಾಡಲಿಲ್ಲ. ದೋಣಿ ಮುಂದೆ ಹೋದರೆ ಮಾಯ, ಹಿಂದೆ ಬಂದರೆ ಹಾಜರು.

"ಮೀನು! ಒಂದಲ್ಲ, ಒಂದು ಸಂಸಾರ!" ವಸಂತಕುಮಾರ ಕೂಗಿದ.

"ಓಡುವುದಿಲ್ಲ ಅಲ್ವಾ ಅದು?"

"ನಿದ್ದೆಯಲ್ಲಿರ್ಬೇಕು. ಹಾಕು ಗಾಳ!"

ಗಾಳ ಇಳಿಯಿತು. ತಕ್ಷಣ ಬಿಗಿಯಾಯಿತು. ಎಳೆದರೆ ಬರಲೊಲ್ಲದು. ಹಮೂರ್ ಮೀನು ಗಾಳ ನುಂಗಿದರೆ ಕಲ್ಲಿನ ಸಂದಿಯಲ್ಲಿ ಕಚ್ಚಿಕೊಂಡು ಕೂರುತ್ತದೆಂದು ಕೊಸ್ಮಸ್‌ಗೆ ಯಾರೋ ಹೇಳಿದ್ದರು. "ಇದು ಅದೇ! ಇಪ್ಪತ್ತು ಕಿಲೋಕ್ಕೆ ಕಮ್ಮಿ ಇಲ್ಲ!" ಎನ್ನುತ್ತ ಅವನು ದೋಣಿಯ ಕೊಕ್ಕೆಯ ಲಂಗರನ್ನೂ ಇಳಿಸಿದ. ಅದೂ ಸಿಕ್ಕಿಕೊಂಡಿತು. ಇಬ್ಬರೂ ಕಾಲು ಕೊಟ್ಟು, ಹಲ್ಲು ಕಚ್ಚಿ, ಅಂಗೈ ಕಿತ್ತುಹೋಗುವಂತೆ ಎಳೆದರು. ದೋಣಿ ವಾಲಿತು. ನೀರಿನಿಂದ ಮೊದಲು ಪಾಚಿ ಹಿಡಿದ ತಂತಿ ಬಂತು, ಆಮೇಲೆ ಇನ್ನಷ್ಟು ತಂತಿ, ಆಮೇಲೆ ಕೋಳಿಗೂಡಿನಷ್ಟು ದೊಡ್ಡ ತಂತಿಯ ಬುಟ್ಟಿ. ಅದರೊಳಗೆ ನಾಲ್ಕು ಹಮೂರ್‌ಗಳು ಬಾಯಿ ತೆರೆದು ಮುಚ್ಚುತ್ತ ಇವರನ್ನೇ ನೋಡುತ್ತಿದ್ದವು.

ಅದು ಗರ್ಗೂರ್. ಇಲ್ಲಿನ ಮೀನುಗಾರರು ತಳದಲ್ಲಿ ಇಟ್ಟು ಬರುವ ತಂತಿಯ ಬೋನು. ಯಂತ್ರ ಒಂದಿಷ್ಟೂ ತಪ್ಪು ಮಾಡಿರಲಿಲ್ಲ. ಮೀನು ಎಲ್ಲಿದೆ ಎಂದು ಕರಾರುವಾಕ್ಕಾಗಿ ತೋರಿಸಿತ್ತು. ಆ ಮೀನನ್ನು ಬೇರೆಯವರು ಆಗಲೇ ಹಿಡಿದಾಗಿದೆ ಎಂದು ತೋರಿಸುವ ದೀಪ ಮಾತ್ರ ಅದರಲ್ಲಿರಲಿಲ್ಲ.

"ಹರಾಮಿ!" ಎಂದು ಹಿಂದಿನಿಂದ ಗರ್ಜನೆ ಕೇಳಿತು. ಅರಬಿಯಲ್ಲಿ ಹಾಗೆಂದರೆ ಕಳ್ಳ, ಹಿಂದಿಯಲ್ಲಿ ಅದಕ್ಕಿಂತಲೂ ಕೆಟ್ಟದ್ದು. ಯಾವ ಭಾಷೆಯದನ್ನು ಸ್ವೀಕರಿಸುವುದೆಂದು ಯೋಚಿಸಲು ಸಮಯವಿರಲಿಲ್ಲ. ಮರದ ದೋಣಿಯೊಂದರಲ್ಲಿ ಬಿಳಿ ಗಡ್ಡದ ಮುದುಕರೊಬ್ಬರು ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. ಹೆಸರು ಹಾಜಿ ಮನ್ಸೂರ್. ಬೋನು ಅವರದೇ. ವಸಂತಕುಮಾರನ ಕಣ್ಣ ಮುಂದೆ ಪೊಲೀಸ್ ಠಾಣೆ, ವೀಸಾ, ಊರಿಗೆ ಹೊರಡುವ ವಿಮಾನ ಎಲ್ಲ ಸಾಲಾಗಿ ಹಾದುಹೋದವು. ಕೈಮುಗಿದು, ಎದೆ ಮುಟ್ಟಿಕೊಂಡು, ಯಂತ್ರವನ್ನು ತೋರಿಸಿ, ಇಡೀ ಕಥೆಯನ್ನು ಮುರುಕು ಹಿಂದಿಯಲ್ಲಿ ಒಪ್ಪಿಸಿದ.

ಹಾಜಿಗಳು ಡಯಲ್ ನೋಡಿದರು. ತಮ್ಮ ಬೋನು ನೋಡಿದರು. ಗಡ್ಡ ನೀವಿಕೊಂಡರು. "ಸದೀಕ್," ಎಂದರು. ಕಳ್ಳ ಒಂದೇ ಮಿನಿಟಿನಲ್ಲಿ ಗೆಳೆಯನಾಗಿದ್ದ. "ಹೋದ ವಾರದ ಶಮಾಲ್ ಗಾಳಿಗೆ ನನ್ನ ಹದಿನೆಂಟು ಗರ್ಗೂರ್ ಜಾಗ ಬಿಟ್ಟು ಹೋಗಿವೆ. ಈ ಪೆಟ್ಟಿಗೆ ಹುಡುಕಿಕೊಡುತ್ತದಾ?"

ಹುಡುಕಿಕೊಟ್ಟಿತು. ಯಂತ್ರ, ಮುಚ್ಚಳ, ವಸಂತಕುಮಾರ ಮೂರೂ ಹಾಜಿಗಳ ದೋಣಿಗೆ ದಾಟಿ ಒಂದೂವರೆ ಗಂಟೆಯಲ್ಲಿ ಮೂರು ಬೋನು ಪತ್ತೆಯಾದವು. ಹಾಜಿಗಳು ಖುಷಿಯಾಗಿ ಎರಡು ದಪ್ಪ ಹಮೂರ್ ಎತ್ತಿ ಅವನ ತೋಳಿಗೆ ಹಾಕಿದರು.

ಹನ್ನೊಂದು ಗಂಟೆಗೆ ಅವನು ಮನೆಯ ಬೆಲ್ ಒತ್ತಿದ. ಬೋನಿನ ಸಂಗತಿ ಬಾಯಿಬಿಡುವುದಿಲ್ಲವೆಂದು ದಾರಿಯಲ್ಲೇ ಕೊಸ್ಮಸ್‌ನಿಂದ ಪ್ರಮಾಣ ಮಾಡಿಸಿಕೊಂಡಾಗಿತ್ತು. ಉಷಾಲತಾ ಮೀನು ತೆಗೆದುಕೊಂಡಳು, ಕಿವಿರು ಎತ್ತಿದಳು. ಅವಳ ಮುಖ ಅರಳಿತು. "ಅಬ್ಬ! ಇನ್ನೂ ಉಸಿರಾಡ್ತಾ ಉಂಟು!" ಅವನಿಗೆ ಆ ಕ್ಷಣ ನಿಜವಾಗಿಯೂ ಸುಖವಾಯಿತು. ಹದಿನೈದು ವರ್ಷದಲ್ಲಿ ಅವಳು ಅವನನ್ನು ಹಾಗೆ ನೋಡಿದ್ದು ಕಡಿಮೆ. ಆಮೇಲೆ ಅವಳು ಮೀನಿನ ಬಾಯಿ ಅಗಲಿಸಿ ಒಳಗೆ ನೋಡಿದಳು. ಇನ್ನೊಂದರ ಬಾಯಿಯನ್ನೂ ನೋಡಿದಳು. "ಸರಿ, ಸ್ನಾನ ಮಾಡಿ ಬನ್ನಿ," ಎಂದಷ್ಟೇ ಹೇಳಿ ಕತ್ತಿ ತೆಗೆದುಕೊಂಡಳು.

ಊಟಕ್ಕೆ ಎಲ್ಲರೂ ಕುಳಿತರು. ಮೀನಿನ ಗಸಿ ಬಾಯಿಗಿಟ್ಟವರೆಲ್ಲ ಆಹಾ ಎಂದರು. ವಸಂತಕುಮಾರ ಕೆಂಪಾದ ಅಂಗೈಗಳನ್ನು ಎಲ್ಲರಿಗೂ ತೋರಿಸುತ್ತ, ನಲವತ್ತು ನಿಮಿಷದ ಘೋರ ಸಂಗ್ರಾಮವನ್ನು ವರ್ಣಿಸತೊಡಗಿದ. "ನಾನು ಎಳೆದರೆ ಅದು ಎಳೀತದೆ. ಅದರ ಕಣ್ಣು, ನನ್ನ ಕಣ್ಣು..." ಕೊಸ್ಮಸ್ ತಲೆ ತಗ್ಗಿಸಿ ಅನ್ನದಲ್ಲಿ ಏನನ್ನೋ ಹುಡುಕುತ್ತಿದ್ದ. ಉಷಾಲತಾ ಬಡಿಸುತ್ತ, "ಆಮೇಲೆ? ಆಮೇಲೆಂತ ಆಯ್ತು?" ಎಂದು ಆಸೆಯಿಂದ ಕೇಳುತ್ತಿದ್ದಳು.

ಆಮೇಲೆ ಬೆಲ್ ಆಯಿತು.

ಬಾಗಿಲಲ್ಲಿ ಹಾಜಿ ಮನ್ಸೂರ್. ಕೈಯಲ್ಲಿ ತೂತು ಬಿದ್ದ ಥರ್ಮಕೋಲ್ ಮುಚ್ಚಳ. ವಸಂತಕುಮಾರ ತಮ್ಮ ದೋಣಿಯಲ್ಲೇ ಮರೆತು ಹೋದದ್ದನ್ನು ಅದರ ಮೇಲಿನ ನಂಬರು ಹಿಡಿದು ಮನೆಗೇ ಮುಟ್ಟಿಸಲು ಬಂದಿದ್ದರು. "ಪೆಟ್ಟಿಗೆಯ ಇಂಜಿನಿಯರ್ ಸಾಹೇಬರು ಇದ್ದಾರಾ?" ಎಂದು ಹಿಂದಿಯಲ್ಲಿ ಕೇಳಿದವರು, ಒಳಗಿನ ಜನವನ್ನು ಕಂಡು ಸಂತೋಷದಿಂದ ಇನ್ನಷ್ಟು ದನಿಯೇರಿಸಿದರು. ಈ ಮನುಷ್ಯ ಬೆಳಿಗ್ಗೆ ತನ್ನ ಬೋನನ್ನು ಹೇಗೆ ಎಳೆಯುತ್ತಿದ್ದ, ತಾನು ಕಳ್ಳನೆಂದು ಹೇಗೆ ತಪ್ಪು ತಿಳಿದೆ, ಹೇಗೆ ಎರಡು ಹಮೂರ್ ಉಡುಗೊರೆ ಕೊಟ್ಟೆ, ಎಲ್ಲವನ್ನೂ ಅಭಿನಯ ಸಮೇತ ತೋರಿಸಿ, ಮುಂದಿನ ಶುಕ್ರವಾರ ಆರು ಗಂಟೆಗೆ ಬರಬೇಕೆಂದು ಹೇಳಿ, ಒಂದು ತುಂಡು ಮೀನು ತಿಂದು ಹರಸಿ ಹೋದರು.

ಎಲ್ಲರೂ ತಟ್ಟೆ ನೋಡುತ್ತಿದ್ದರು. ಮೊದಲು ನಕ್ಕವನು ದ್ರೋಹಿ ಕೊಸ್ಮಸ್. ಆಮೇಲೆ ಇಡೀ ಮನೆ.

"ಬಾಯಲ್ಲಿ ಗಾಳದ ತೂತೇ ಇರ್ಲಿಲ್ಲ," ಎಂದಳು ಉಷಾಲತಾ ಕಣ್ಣೊರೆಸಿಕೊಳ್ಳುತ್ತ. "ಮೂತಿ ತಂತಿಗೆ ಉಜ್ಜಿ ಸವೆದಿತ್ತು. ನನಗೆ ಹನ್ನೊಂದು ಗಂಟೆಗೇ ಗೊತ್ತು, ಬೋನಿನ ಮೀನು ಅಂತ."

"ಮತ್ತೆ ಆಗಲೇ ಹೇಳ್ಬಾರ್ದಿತ್ತಾ?"

"ಸಂಗ್ರಾಮದ ಕಥೆ ಕೇಳ್ಬೇಕಿತ್ತಲ್ಲ ನನಗೆ!"

ಪೌಲಿನ್‌ಗೆ ಅವನ ಮುಖ ನೋಡಿ ಪಾಪ ಅನ್ನಿಸಿತು. "ಇರ್ಲಿ ಬಿಡಿ ವಸಂತಣ್ಣ, ಇದು ಫ್ರೆಶ್ ಆದ್ರೂ ಉಂಟು. ಹೋದ ವರ್ಷದ್ದು ಎರಡು ದಿನ ಐಸಿನಲ್ಲಿದ್ದದ್ದಲ್ವಾ?" ಎಂದು ಸಮಾಧಾನ ಹೇಳಿದಳು. ಉಳಿದ ಹತ್ತು ಮಂದಿಯೂ ಹೌದೌದೆಂದು ತಲೆಯಾಡಿಸಿದರು. ವಸಂತಕುಮಾರ ಹೆಂಡತಿಯತ್ತ ತಿರುಗಿದ. ಅವಳು ಅನ್ನ ತರಲೆಂದು ಅವಸರದಿಂದ ಒಳಗೆ ಹೋಗಿದ್ದಳು.

ಆ ಚಳಿಗಾಲದ ಪ್ರತಿ ಶುಕ್ರವಾರವೂ ಅವನು ಹಾಜಿಗಳ ದೋಣಿಯಲ್ಲಿ ಕಾಣೆಯಾದ ಬೋನುಗಳನ್ನು ಹುಡುಕಿದ. ಪ್ರತಿ ಶುಕ್ರವಾರವೂ ಮನೆಗೆ ತಾಜಾ ಮೀನು ಬಂತು. ಪ್ರತಿ ಸಲವೂ ಉಷಾಲತಾ ಬಾಯಿ ಅಗಲಿಸಿ ನೋಡಿ, "ತೂತಿಲ್ಲ" ಎಂದು ರಿಪೋರ್ಟ್ ಕೊಟ್ಟಳು. ಹದಿನೆಂಟನೆಯ ಬೋನು ಸಿಕ್ಕಿದ ದಿನ ವಸಂತಕುಮಾರನಿಗೆ ತಡೆಯಲಾಗಲಿಲ್ಲ. ಕಾರಿನಲ್ಲಿ ಕುಳಿತು, ಅತ್ತಿತ್ತ ನೋಡಿ, ತಾನೇ ಒಂದು ಗಾಳ ತೆಗೆದು ಮೀನಿನ ತುಟಿಗೆ ಚೆನ್ನಾಗಿ ಚುಚ್ಚಿ ತೂತು ಮಾಡಿದ. ಮನೆಗೆ ಬಂದು ಎದೆಯುಬ್ಬಿಸಿ ಮೀನು ಚಾಚಿದ.

ಉಷಾಲತಾ ಬಾಯಿ ಅಗಲಿಸಿದಳು. ತೂತಿನಲ್ಲಿ ಬೆರಳಿಟ್ಟಳು. ಬೆಳಕಿಗೆ ಹಿಡಿದು ನೋಡಿದಳು.

"ಸತ್ತ ಮೇಲೆ ಚುಚ್ಚಿದ್ದು," ಎಂದಳು. "ರಕ್ತವೇ ಬಂದಿಲ್ಲ."