ಬಿಳಿ ಬಂಡೆ ಮತ್ತು ಆರಿಂಚು ಎತ್ತರ

ಡೆಲ್ಫಾ: ಅಂದ್ರೆ, ಚೆನ್ನಾಗಿ ಓಡ್ತಿರೋ ಗಾಡೀನ ದುಡ್ಡು ಕೊಟ್ಟು ಎತ್ತರ ಮಾಡಿಸ್ಬೇಕು. ಆಮೇಲೆ ಅದಕ್ಕೆ ಹತ್ತೋಕೆ ನಾನು ಏಣಿ ಹೊತ್ಕೊಂಡು ತಿರುಗ್ಬೇಕು.

ಹಾರ್ಲನ್: ಏಣಿ ಯಾಕೆ? ಪಕ್ಕದಲ್ಲಿ ಮೆಟ್ಟಿಲು ಹಾಕಿಸ್ತೀನಿ.

ಡೆಲ್ಫಾ: ಅದಕ್ಕೂ ದುಡ್ಡು.

ಹಾರ್ಲನ್: ಅದು ಬೇರೆ ವಿಷಯ.

ಗಂಡ ಹೆಂಡತಿ ಚರ್ಚಿನಿಂದ ಹೊರಟವರೇ ನೇರ ಓಡೆಲ್‌ನ ಅಂಗಳಕ್ಕೆ ಬಂದಿದ್ದರು. ವೆಸ್ಟ್ ವರ್ಜೀನಿಯಾದ ಆ ಕಣಿವೆಯಲ್ಲಿ ಗಾಡಿ ಕೆಟ್ಟರೂ ಓಡೆಲ್, ಚೆನ್ನಾಗಿರುವುದನ್ನು ಕೆಡಿಸಬೇಕೆಂದರೂ ಓಡೆಲ್. ಭಾನುವಾರ ಅವನು ಸ್ಪ್ಯಾನರ್ ಮುಟ್ಟುವವನಲ್ಲ. ಆದರೆ ಬರೀ ಮಾತಾಡಿದರೆ ಕೆಲಸ ಮಾಡಿದಂತಲ್ಲ ಎಂದು ಪಾದ್ರಿಯನ್ನೇ ಕೇಳಿ ಖಾತ್ರಿ ಮಾಡಿಕೊಂಡಿದ್ದ.

ಹಾರ್ಲನ್‌ಗೆ ಈ ಹುಚ್ಚು ಹತ್ತಿದ್ದು ಪಕ್ಕದ ಮನೆಯವನು ತನ್ನ ಪಿಕಪ್ ಎತ್ತರಿಸಿಕೊಂಡ ದಿನದಿಂದ. ಪೇಟೆಯ ಸಿಗ್ನಲ್ಲಿನಲ್ಲಿ ಅವನು ಬಂದು ಪಕ್ಕದಲ್ಲಿ ನಿಂತರೆ ಹಾರ್ಲನ್‌ಗೆ ಕಾಣುತ್ತಿದ್ದುದು ಅವನ ಚಕ್ರ ಮಾತ್ರ. ಚಕ್ರದ ಮುಖ ನೋಡಿಕೊಂಡು ಎಷ್ಟು ದಿನ ಅಂತ ಕೂರುವುದು? ಇದನ್ನು ಹೆಂಡತಿಗೆ ಹೇಳುವ ಹಾಗಿಲ್ಲ. ಹೇಳಿದರೆ ನಗುತ್ತಾಳೆ. ಅದಕ್ಕೇ ಅವನು ಅತ್ತೆಯನ್ನು ಮುಂದೆ ತಂದ.

ಹಾರ್ಲನ್: ನಾನೇನು ನನಗೋಸ್ಕರ ಕೇಳ್ತಿದೀನಾ? ನಿಮ್ಮಮ್ಮನಿಗೋಸ್ಕರ. ಹಳ್ಳ ತುಂಬಿದಾಗೆಲ್ಲ ಪಾಪ, ಒಬ್ರೇ ಕೂತು ಊಟ ಮಾಡ್ತಾರೆ. ಗಾಡಿ ಎತ್ತರ ಇದ್ರೆ ದಾಟಿ ಹೋಗ್ಬಹುದಿತ್ತು.

ಮಾತು ಬಾಯಿಂದ ಬಿದ್ದ ಮೇಲೆಯೇ ತಾನು ಏನು ಹೇಳಿದೆ ಎಂದು ಅವನಿಗೆ ಹೊಳೆದದ್ದು. ಅತ್ತೆ ಐಡಾಳ ಮನೆ ಹಳ್ಳದ ಆಚೆ. ಸೇತುವೆ ಇಲ್ಲ, ನೀರಿನಲ್ಲೇ ಗಾಡಿ ಇಳಿಸಿ ದಾಟಬೇಕು. ನಡುವೆ ಸುಣ್ಣ ಬಳಿದ ಬಿಳಿ ಬಂಡೆಯೊಂದಿದೆ. ಅದು ಮುಳುಗಿದರೆ ಆ ಮನೆಗೆ ಹೋಗುವವರು ವಾಪಸ್ಸು ತಿರುಗಬೇಕು. ಮಾವ ಬದುಕಿದ್ದ ಕಾಲದಿಂದ ನಡೆದು ಬಂದ ಪದ್ಧತಿ. ಭಾನುವಾರ ಅತ್ತೆಯ ಮನೆಗೆ ಊಟಕ್ಕೆ ಹೋಗಬೇಕಾದ ಹೊತ್ತಿಗೇ ಟಿವಿಯಲ್ಲಿ ಫುಟ್‌ಬಾಲ್ ಶುರುವಾಗುತ್ತದೆ, ಹೋದರೆ ಆಟ ತಪ್ಪುತ್ತದೆ. ಹಾಗಾಗಿ ನಾಲ್ಕು ಹನಿ ಬಿದ್ದರೆ ಸಾಕು, ಹಾರ್ಲನ್ ಹಳ್ಳದವರೆಗೆ ಹೋಗಿ, ಮುಖ ಸಣ್ಣದು ಮಾಡಿಕೊಂಡು ಬಂದು, ಬಂಡೆ ಮುಳುಗಿದೆ ಅನ್ನುತ್ತಿದ್ದ. ಈ ಬೆಳಿಗ್ಗೆಯೂ ಅಂದಿದ್ದ. ಈಗ ತನ್ನ ಅಷ್ಟೂ ಭಾನುವಾರಗಳ ಕುತ್ತಿಗೆಗೆ ತಾನೇ ಹಗ್ಗ ಹಾಕಿದ್ದ.

ಡೆಲ್ಫಾ: ನೀನು ಅಮ್ಮನ ಬಗ್ಗೆ ಇಷ್ಟು ಯೋಚನೆ ಮಾಡ್ತೀಯ ಅಂತ ನಂಗೆ ಗೊತ್ತೇ ಇರ್ಲಿಲ್ಲ.

ಹಾರ್ಲನ್: ನಂಗೂ ಗೊತ್ತಿರ್ಲಿಲ್ಲ.

ಅವಳ ಕಣ್ಣಲ್ಲಿ ನಿಜಕ್ಕೂ ನೀರಾಡಿತು. ಅಮ್ಮನ ಕೈಯ ಮೆಕ್ಕೆಜೋಳದ ರೊಟ್ಟಿ ತಿಂದು ಎಷ್ಟು ಕಾಲವಾಯಿತೋ ಎಂದು ಓಡೆಲ್‌ನ ಮುಂದೆ ಹೇಳಿಕೊಂಡಳು.

ಓಡೆಲ್ ದವಡೆಯ ಹೊಗೆಸೊಪ್ಪನ್ನು ಇನ್ನೊಂದು ಪಕ್ಕಕ್ಕೆ ತಳ್ಳಿ ವಿವರಿಸತೊಡಗಿದ. ತೀರಾ ಅಗ್ಗದ್ದು, ಮುಂದಿನ ಸ್ಪ್ರಿಂಗುಗಳ ತಲೆಯ ಮೇಲೆ ದಪ್ಪ ಬಿಲ್ಲೆ ಇಡುವುದು. ಗಾಡಿಯ ಮೂತಿ ಎರಡಿಂಚು ಏಳುತ್ತದೆ, ಹಿಂಭಾಗ ಇದ್ದ ಹಾಗೇ ಇರುತ್ತದೆ. ತೀರಾ ದುಬಾರಿಯದು, ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಎಲ್ಲ ಕಿತ್ತು ಬೇರೆ ಕೂರಿಸುವುದು. ಇಡೀ ಗಾಡಿಯೇ ಆರಿಂಚು ಮೇಲೆ. ಅದರ ಖರ್ಚು ಕೇಳಿ ಹಾರ್ಲನ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ.

ಓಡೆಲ್: ನಡುವೆ ಇನ್ನೊಂದಿದೆ. ಕೆಳಗಿನ ಚಾಸಿಗೂ ಮೇಲಿನ ಬಾಡಿಗೂ ಮಧ್ಯೆ ಗಟ್ಟಿ ತುಂಡು ಕೊಟ್ಟು ಬಾಡೀನ ಮಾತ್ರ ಮೂರಿಂಚು ಎತ್ತೋದು. ಖರ್ಚು ಕಮ್ಮಿ, ನೋಡೋಕೂ ಎತ್ತರ ಕಾಣುತ್ತೆ. ಆದ್ರೆ ಕೆಳಗಿನ ಹೊಟ್ಟೆ ಇದ್ದಲ್ಲೇ ಇರುತ್ತೆ. ಪ್ಯಾಂಟು ಎತ್ತಿ ಕಟ್ಕೊಂಡ್ರೆ ಮನುಷ್ಯ ಉದ್ದ ಆಗ್ತಾನಾ?

ಹಾರ್ಲನ್: ಅಂದ್ರೆ, ನೀರು ದಾಟೋಕೆ ಪ್ರಯೋಜನ ಇಲ್ಲ.

ಓಡೆಲ್: ಏನೇನೂ ಇಲ್ಲ.

ಹಾರ್ಲನ್: ಹಾಗಾದ್ರೆ ಅದೇ ಇರ್ಲಿ.

ಡೆಲ್ಫಾ: ಏನು ಅದೇ ಇರ್ಲಿ?

ಹಾರ್ಲನ್: ಏನ್ಮಾಡೋದು ಡೆಲ್ಫಾ, ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕು.

ಡೆಲ್ಫಾ: ಈಗ ತಾನೇ ಅಮ್ಮ ಅಮ್ಮ ಅಂದ್ಯಲ್ಲ.

ಹಾರ್ಲನ್: ನಿಮ್ಮಮ್ಮನ ಮೇಲಿನ ಪ್ರೀತಿ ಮೂರಿಂಚಿಗೂ ಅಷ್ಟೇ, ಆರಿಂಚಿಗೂ ಅಷ್ಟೇ.

ಡೆಲ್ಫಾ ಗಾಡಿಯ ಸುತ್ತ ಒಂದು ಸುತ್ತು ಬಂದಳು. ಕೌದಿ ಹೊಲಿದು ಮಾರಿ, ಬಟ್ಟೆ ಒಗೆಯುವ ಮಷೀನಿಗೆಂದು ಅವಳು ಒಂದಿಷ್ಟು ಎತ್ತಿಟ್ಟಿದ್ದಳು. ಮಷೀನು ಕಾದರೆ ಕಾಯಲಿ, ಅಮ್ಮ ಕಾಯಬಾರದು ಎಂದಳು. ಹಾರ್ಲನ್ ಗಾಬರಿಯಾದ. ಹೆಂಗಸರ ದುಡ್ಡು ತಾನು ಮುಟ್ಟುವುದಿಲ್ಲ ಎಂದ. ಹೋದ ತಿಂಗಳು ಮೀನಿನ ಗಾಳಕ್ಕೆ ಮುಟ್ಟಿದ್ದು ಯಾರ ದುಡ್ಡು ಎಂದು ಅವಳು ಕೇಳಿದಳು. ಎತ್ತರದ ಗಾಡಿ ಗಾಳಿಗೆ ಮಗುಚುತ್ತದಂತೆ ಎಂದ. ಈ ಕಣಿವೆಯಲ್ಲಿ ಗಾಳಿ ಎಲ್ಲಿದೆ ಎಂದಳು.

ಡೆಲ್ಫಾ: ಆರಿಂಚೇ ಮಾಡು, ಓಡೆಲ್. ಮುಂದಿನ ಭಾನುವಾರದಿಂದ ಮಳೆ ಬರ್ಲಿ, ಬಿಡ್ಲಿ, ಊಟ ಅಮ್ಮನ ಮನೇಲೇ.

ಓಡೆಲ್: ನಿಂತ್ಕೋ ತಾಯಿ. ಇಷ್ಟೆಲ್ಲ ಯಾವ ಹಳ್ಳ ದಾಟೋಕೆ?

ಡೆಲ್ಫಾ: ಅಮ್ಮನ ಮನೆ ಹಳ್ಳ. ಬಿಳಿ ಬಂಡೆ ಮುಳುಗಿದ್ರೆ ದಾಟೋಕೆ ಆಗಲ್ವಲ್ಲ.

ಓಡೆಲ್: ಆ ಬಂಡೆನಾ? ಅದು ನಾಯಿ ಕಾಲೆತ್ತಿದ್ರೂ ಮುಳುಗುತ್ತೆ. ಹೋದ ನವೆಂಬರಲ್ಲಿ ಜಿಂಕೆ ಬೇಟೆಗೆ ನಾನೂ ಇವನೂ ಇದೇ ಗಾಡೀಲಿ ದಾಟಿದ್ವಿ. ಬಂಡೆ ಎಲ್ಲಿದೆ ಅಂತಾನೂ ಕಾಣ್ತಿರ್ಲಿಲ್ಲ. ಅಲ್ವೇನೋ ಹಾರ್ಲನ್?

ಹಾರ್ಲನ್ ತನ್ನ ಗಾಡಿಯ ಟೈರನ್ನು ಮೊದಲ ಸಲ ಕಂಡವನಂತೆ ನೋಡುತ್ತಾ ನಿಂತ.

ಹಾರ್ಲನ್: ನವೆಂಬರಲ್ಲಿ ನೀರು ತಣ್ಣಗಿತ್ತು.

ಡೆಲ್ಫಾ: ಕೀ ಕೊಡು.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾನೇ ಗಾಡಿ ಓಡಿಸಿದಳು. ಹಳ್ಳದ ಹತ್ತಿರ ಬಂದವಳು ನಿಲ್ಲಿಸಲೂ ಇಲ್ಲ, ಹಾಗೇ ಇಳಿಸಿದಳು. ಬಂಡೆ ಮುಳುಗಿತ್ತು, ಅಷ್ಟರ ಮಟ್ಟಿಗೆ ಹಾರ್ಲನ್ ಸತ್ಯವಂತ. ಆದರೆ ನೀರು ಚಕ್ರದ ಅರ್ಧಕ್ಕೂ ಬರಲಿಲ್ಲ. ಹಾರ್ಲನ್ ಮರ್ಯಾದೆಗೆಂದು ಕಾಲು ಮೇಲೆತ್ತಿ ಕೂತ.

ಐಡಾ ಆರಾಮಕುರ್ಚಿಯಲ್ಲಿ ಕೂತಿದ್ದಳು. ತೊಡೆಯ ಮೇಲೆ ಬೇಯಿಸಿದ ಹುರುಳಿಕಾಯಿ, ರೊಟ್ಟಿಯ ತಟ್ಟೆ. ಎದುರಿನ ಗೋಡೆಯ ತುಂಬ ಒಂದು ಟಿವಿ, ಹಾರ್ಲನ್ ಕೊನೆಯ ಸಲ ಬಂದಾಗ ಅದು ಇರಲಿಲ್ಲ. ಆಟ ಆಗಲೇ ಶುರುವಾಗಿತ್ತು. ಮಗಳು ಅಳಿಯನನ್ನು ಅವಳು ಸಾಲ ಕೇಳಲು ಬಂದವರನ್ನು ನೋಡುವ ಹಾಗೆ ನೋಡಿದಳು.

ಐಡಾ: ಬಂಡೆ ಮುಳುಗಿಲ್ವಾ?

ಡೆಲ್ಫಾ: ಮುಳುಗಿದೆ. ಆದ್ರೂ ಗಾಡಿ ದಾಟುತ್ತಮ್ಮ. ಇಷ್ಟು ದಿನ ಇವನು ಸುಳ್ಳು ಹೇಳ್ತಿದ್ದ.

ಐಡಾ: ದಾಟುತ್ತೆ ಅಂತ ನಂಗೊತ್ತು. ನಿಮ್ಮಪ್ಪ ಸುಣ್ಣ ಬಳಿದಿದ್ದು ಎತ್ತರದ ಬಂಡೆಗೆ. ಆ ಸುಣ್ಣ ಮಾಸಿದ್ಮೇಲೆ ಪಕ್ಕದ ಗಿಡ್ಡ ಬಂಡೆಗೆ ಬಳಿದವಳು ನಾನು.

ಡೆಲ್ಫಾ: ಯಾಕಮ್ಮ?

ಐಡಾ: ನೀನೊಬ್ಳೇ ಬಂದ್ರೆ ಚಿಂತೆಯಿಲ್ಲ. ಇವನು ಬಂದ್ರೆ ಆಟ ನೋಡೋಕೆ ಬಿಡ್ತಾನಾ? ಪ್ರಾರ್ಥನೆ ಮುಗಿದಾಗಿಂದ ತಟ್ಟೆ ತೊಳೆಯೋವರೆಗೂ ಗಾಡಿ ಪುರಾಣ.

ಹಾರ್ಲನ್‌ಗೆ ಬೇಜಾರಾಗಲಿಲ್ಲ. ಅವನ ಕಣ್ಣು ಟಿವಿಯ ಮೇಲಿತ್ತು. ತನ್ನ ಮನೆಯದಕ್ಕಿಂತ ಎರಡು ಪಟ್ಟು ದೊಡ್ಡದು. ಇಂಥದ್ದೊಂದು ಇಲ್ಲಿರುವಾಗ, ಅಷ್ಟೂ ಭಾನುವಾರ ತಾನು ಮನೆಯ ಪುಟ್ಟ ಟಿವಿಯ ಮುಂದೆ ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದೆನಲ್ಲ ಎಂದು ಹೊಟ್ಟೆ ಉರಿಯಿತು. ಮೆಲ್ಲಗೆ ಸೋಫಾದ ತುದಿಗೆ ಕೂತು, ಯಾರು ಮುಂದಿದ್ದಾರೆ ಎಂದು ಕೇಳಿದ. ಅತ್ತೆ ಹೇಳಿದಳು. ಗಾಡಿಯ ಸುದ್ದಿ ಎತ್ತದಿದ್ದರೆ ರೊಟ್ಟಿ ತಗೋಬಹುದು ಎಂದೂ ಹೇಳಿದಳು. ಅವನು ತಗೊಂಡ.

ಬಾಗಿಲ ಹತ್ತಿರ ನಿಂತಿದ್ದ ಹೆಂಡತಿಯ ಮುಖವನ್ನು ಅವನು ಒಂದು ಸಲ ನೋಡಬೇಕಿತ್ತು. ನೋಡಲಿಲ್ಲ. ಅಮ್ಮ ಒಬ್ಬಳೇ ಎಂದು ಅವಳು ಪಟ್ಟ ಸಂಕಟವೆಲ್ಲ ಈಗ ಆ ಮುಖದಲ್ಲಿ ಸಿಟ್ಟಾಗಿ ಕೂತಿತ್ತು.

ಡೆಲ್ಫಾ: ಗಾಡೀನ ಓಡೆಲ್ ಹತ್ರ ಬಿಟ್ಟು ಹೋಗ್ತೀನಿ.

ಹಾರ್ಲನ್: (ಟಿವಿಯಿಂದ ಕಣ್ಣು ತೆಗೆಯದೆ) ಮೂರಿಂಚಾ, ಆರಿಂಚಾ?

ಡೆಲ್ಫಾ: ಆರಿಂಚು. ನಿನ್ನ ಬೇಟೆ ಬಂದೂಕು ಮಾರಿ.

ರೊಟ್ಟಿ ಬಾಯಿಯ ಹತ್ತಿರವೇ ನಿಂತಿತು. ಅವನು ತಿರುಗುವಷ್ಟರಲ್ಲಿ ಅವಳು ಅಂಗಳಕ್ಕಿಳಿದು ಗಾಡಿ ಹತ್ತಿದ್ದಳು. ಏಣಿಯೇನೂ ಬೇಕಾಗಲಿಲ್ಲ.

ಹಾರ್ಲನ್: ಡೆಲ್ಫಾ, ನಿಂತ್ಕೋ. ನಾನು ಮನೆಗೆ ಹೇಗೆ ಬರ್ಲಿ?

ಡೆಲ್ಫಾ: ಹೇಗೆ ಬರ್ತೀಯ, ಪಾಪ. ಬಂಡೆ ಮುಳುಗಿದೆಯಲ್ಲ.