ಹಸಿರು ದಾರದ ಗುಂಡಿ

ಬೆಳಿಗ್ಗೆ ಎದ್ದವನೇ ಸಾಧು ತನ್ನ ಬಿಳಿ ಅಂಗಿ ಹುಡುಕಿದ. ಕೇಳಿದವರಿಗೆ ಇಲ್ಲ ಎನ್ನಲು ಬಾಯಿ ಬಾರದವನೆಂದು ಜೊತೆಯವರು ಇಟ್ಟ ಹೆಸರು ‘ಸಾಧು’. ಓದಲು ಪರದೇಶಕ್ಕೆ ಹೊರಟಾಗ ಅಮ್ಮ ಮಡಿಸಿಟ್ಟ ಒಳ್ಳೆಯ ಅಂಗಿ ಅದೊಂದೇ. ಬಿಳಿ ದಾರ ಕೈಗೆ ಸಿಗದೆ ಮೂರನೆಯ ಗುಂಡಿಯನ್ನು ಹಸಿರು ದಾರದಲ್ಲಿ ಹೊಲಿದಿದ್ದಳು. ಅದೀಗ ಬಚ್ಚಲಲ್ಲಿ ಒದ್ದೆಯಾಗಿ ನೇತಾಡುತ್ತಿತ್ತು.

“ನಿನ್ನೆ ಒಂದ್ ಕಡೆ ಹೋಗೋದಿತ್ತು, ಹಾಕ್ಕೊಂಡಿದ್ದೆ. ಒಗೆದೇ ಇಟ್ಟಿದೀನಲ್ಲ,” ಎಂದ ಅದೇ ಕೋಣೆಯ ಪಕ್ಕದ ಹಾಸಿಗೆಯವನು, ಉಪಕಾರ ಮಾಡಿದವನಂತೆ.

ಹತ್ತು ಗಂಟೆಗೆ ಕಾಲೇಜಿನ ನೆರವು ಕಚೇರಿಯಲ್ಲಿ ಸಾಧುವಿನ ಸರದಿ. ನೆರವು ಸಿಕ್ಕರೆ ಫೀಸಿನ ಕೊನೆಯ ಕಂತು ಕಟ್ಟಬಹುದು. ಇಲ್ಲವಾದರೆ ಸೋಮವಾರದಿಂದ ತರಗತಿಗೆ ಪ್ರವೇಶವಿಲ್ಲ.

“ಒಳ್ಳೇದೇ ಆಯ್ತು ಬಿಡು,” ಎಂದ ಪಂಡಿತ. ಮೂರು ವರ್ಷ ಹೋಟೆಲಿನಲ್ಲಿ ತಟ್ಟೆ ತೊಳೆದು ಲೋಕಜ್ಞಾನ ಗಳಿಸಿದ, ಕೋಣೆಯ ಹಿರಿಯ ಅವನು. “ಬೇಡೋಕೆ ಹೋಗೋನು ಇಸ್ತ್ರಿ ಮಾಡ್ಕೊಂಡ್ ಹೋಗ್ತಾನೇನೋ? ಹರಿದಿದ್ದು ಹಾಕ್ಕೋ.”

ಪಕ್ಕದ ಹಾಸಿಗೆಯವನು ತನ್ನ ಜೀನ್ಸ್ ಪ್ಯಾಂಟನ್ನೇ ಕೊಟ್ಟ. ಅದರ ಮೊಣಕಾಲುಗಳು ಇಲಿ ಕಡಿದ ಗೋಣಿಚೀಲದಂತಿದ್ದವು. ಬಸ್ಸಿನಲ್ಲಿ ಇಬ್ಬರು ಹುಡುಗಿಯರು ಅದನ್ನೇ ದಿಟ್ಟಿಸಿದರು. ಅವರು ಕನಿಕರಪಟ್ಟರೆಂದುಕೊಂಡ ಸಾಧುವಿಗೆ ಧೈರ್ಯ ಬಂತು. ಅಜ್ಜಿ ಕಲಿಸಿದ ಪದ್ಯವೊಂದನ್ನು ಮನಸ್ಸಿನಲ್ಲೇ ಹೇಳಿಕೊಂಡು ಕಚೇರಿಯ ಬಾಗಿಲು ತಳ್ಳಿದ.

ನರೆಗೂದಲಿನ ಅಧಿಕಾರಿಣಿ ಕನ್ನಡಕ ಏರಿಸಿ ಅವನ ಮೊಣಕಾಲು ನೋಡಿದಳು.

“ಇಂಥದ್ದೇ ಪ್ಯಾಂಟಿಗೋಸ್ಕರ ನನ್ನ ಮಗಳು ಎರಡು ತಿಂಗಳಿಂದ ಮಾತು ಬಿಟ್ಟಿದಾಳಪ್ಪ. ನನ್ನ ಸಂಬಳಕ್ಕೆ ಎಟುಕಲ್ಲ ಅಂದಿದ್ದಕ್ಕೆ.”

“ಇದು ನಂದಲ್ಲ ಮೇಡಂ. ಸ್ನೇಹಿತಂದು.”

“ಇರ್ಲಿ ಬಿಡು, ಎಲ್ಲರೂ ಹಾಗೇ ಅಂತಾರೆ.” ಆಕೆ ಮೆಲ್ಲಗೆ ಕಡತ ಮುಚ್ಚಿದಳು. “ಈ ಸಲ ನೆರವು ಇದ್ದಿದ್ದು ಒಬ್ಬರಿಗೇ. ನಿನ್ನೆ ಒಬ್ಬ ಬಂದಿದ್ದ ನೋಡು, ಕಷ್ಟ ಅಂದ್ರೆ ಅದು. ಒಗೆದೂ ಒಗೆದೂ ಸವೆದ ಬಿಳಿ ಅಂಗಿ. ಒಂದು ಗುಂಡಿ ಹಸಿರು ದಾರದಲ್ಲಿ. ಕೇಳಿದ್ರೆ, ಅಮ್ಮ ಹೊಲಿದಿದ್ದು ಅಂದ. ನಂಗೆ ಕಣ್ಣಲ್ಲಿ ನೀರೇ ಬಂತು. ಅವನಿಗೇ ಬರೆದುಬಿಟ್ಟೆ.”

ಸಾಧು ಕೈ ಮುಗಿದು ಹೊರಬಂದ.

ಕೋಣೆಗೆ ಬಂದಾಗ ಅಂಗಿ ಒಣಗಿತ್ತು. ಪಕ್ಕದ ಹಾಸಿಗೆಯವನು ಪೂಜೆಗೆ ಕುಳಿತವನ ಶ್ರದ್ಧೆಯಿಂದ ಅದಕ್ಕೆ ಇಸ್ತ್ರಿ ಹಾಕುತ್ತಿದ್ದ.

“ನಿನ್ನ ಅಂಗಿ ಕಾಲ್ಗುಣ ಬಹಳ ಚೆನ್ನಾಗಿದೆ ಕಣೋ. ನಾಳೆ ಇನ್ನೊಂದು ಕಚೇರಿಗೆ ಹೋಗೋದಿದೆ. ಇನ್ನೊಂದಿನ ನನ್ಹತ್ರಾನೇ ಇರ್ಲಾ?”

‘ಇಲ್ಲ’ ಎಂಬುದು ಸಾಧುವಿನ ನಾಲಿಗೆಯ ತುದಿಯವರೆಗೂ ಬಂತು.

“ಗುಂಡಿ ಜೋಪಾನ,” ಎಂದ.