ಹಾಳಾದವರನ್ನು ಹುಡುಕಿಕೊಂಡು ಹೋದ ನನ್ನ ತಮ್ಮ

ನನ್ನ ತಮ್ಮನಿಗೆ ತಲೆಯೇ ಇಲ್ಲ ಎಂದು ನಮ್ಮ ಐನಾಪುರದಲ್ಲಿ ಹೇಳುವವರಿದ್ದಾರೆ. ಶುದ್ಧ ಸುಳ್ಳು! ತಲೆ ಇದೆ. ಅದರೊಳಗೆ ಒಂದು ಎಮ್ಮೆ ಇದೆ, ಅಷ್ಟೇ.

ಎಮ್ಮೆಯ ಹೆಸರು ಗೌರಿ. ಕಳ್ಳರನ್ನು ಹಿಡಿಯುವ ಎಮ್ಮೆ! ಎಂಬತ್ತರ ದಶಕದ ಶುರುವಿನಲ್ಲಿ, ಊರಿನ ಉಳಿದ ಹುಡುಗರೆಲ್ಲ ಕಬ್ಬು, ಅಂಗಡಿ ಅಂತ ಒಂದು ದಾರಿ ಹಿಡಿದಾಗ, ಇವನು ಗೌರಿಯ ಕತೆಯನ್ನು ಚಿತ್ರಗಳಲ್ಲಿ ಬರೆಯಲು ಕೂತ. ಬರೆಯುವವನೂ ಅವನೇ, ಸೈಕ್ಲೋಸ್ಟೈಲ್ ಯಂತ್ರ ತಿರುವುವವನೂ ಅವನೇ, ಗೋಣಿಚೀಲದ ದಬ್ಬಣದಿಂದ ಪುಸ್ತಕ ಹೊಲಿಯುವವನೂ ಅವನೇ. ಮಾರುವುದಕ್ಕೆ ಮಾತ್ರ ನಾನು ಬೇಕು! ಊರೂರ ಸಂತೆಯಲ್ಲಿ ನಾನು ಬೆಣ್ಣೆ ಇಟ್ಟುಕೊಂಡು ಕೂತರೆ ಪಕ್ಕದಲ್ಲೇ ಗೋಣಿತಟ್ಟು ಹಾಸಿ ಅವನೂ ಕೂರುತ್ತಿದ್ದ. ಅವನ ಪುಸ್ತಕಕ್ಕೆಲ್ಲ ನನ್ನ ಬೆಣ್ಣೆಯ ಕಲೆ, ನನ್ನ ಬೆಣ್ಣೆಗೆಲ್ಲ ಅವನ ಮಸಿ.

"ಏನವ್ವಾ, ನಿಮ್ಮ ಎಮ್ಮಿ ಮಸಿ ಕುಡೀತೈತೇನು?" ಎಂದು ಗಿರಾಕಿಗಳು ನಗುತ್ತಿದ್ದರು.

ಹುಡುಗರು ಮಾತ್ರ ಮುಗಿಬಿದ್ದು ಕೊಳ್ಳುತ್ತಿದ್ದರು. ಹೀಗಿರುವಾಗ ಚಿಕ್ಕೋಡಿ ಸಂತೆಯಲ್ಲಿ ಒಬ್ಬ ಮಾಸ್ತರರು ಪುಸ್ತಕ ತಿರುವಿ ನೋಡಿ, "ಇಂಥಾವು ಓದಿದ ಹುಡುಗ್ರು ಹಾಳಾಗಿ ಹೋಗ್ತಾರ" ಎಂದು ಹೇಳಿ ಬದನೆಕಾಯಿ ಕೊಳ್ಳಲು ಹೋದರು. ಅವರು ಪಲ್ಯದ ಜೊತೆಗೆ ಆ ಮಾತನ್ನೂ ನುಂಗಿ ಮರೆತಿರಬೇಕು. ಇವನಿಗೆ ಅದು ಗಂಟಲಲ್ಲೇ ನಿಂತಿತು. ಗೌರಿಯನ್ನು ಬಿಟ್ಟ. ಅಂಗಡಿಗಳ ಬೋರ್ಡು ಬರೆಯಲು ಹಿಡಿದ. ಕಿರಾಣಿ ಅಂಗಡಿಯ ಬೋರ್ಡು ಬರೆಯುತ್ತ ಯಾರಾದರೂ ನಕ್ಕದ್ದನ್ನು ನೀವು ನೋಡಿದ್ದೀರಾ? ಇವನೂ ನಗುವುದನ್ನು ಬಿಟ್ಟ. ನನ್ನ ಹೊಟ್ಟೆ ಉರಿದದ್ದು ಅದಕ್ಕೇ.

ತೊಂಬತ್ತರ ದಶಕ ಅರ್ಧ ಕಳೆದ ಮೇಲೆ ಒಂದು ಬೆಳಿಗ್ಗೆ ಚಹಾ ಕುಡಿಯುತ್ತ ಹೇಳಿದ: "ಅಕ್ಕಾ, ಆ ಹುಡುಗ್ರು ಈಗ ದೊಡ್ಡವರಾಗಿರ್ತಾರ. ಹಾಳಾಗ್ಯಾರೋ ಇಲ್ಲೋ ನೋಡ್ಕೊಂಡ್ ಬರ್ತೇನಿ."

"ನೋಡಿ ಏನ್ ಮಾಡ್ತೀಯೋ?"

"ನನ್ನ ಪುಸ್ತಕ ಓದಿ ಒಬ್ಬರಿಗರ ಒಳ್ಳೇದಾಗಿದ್ರ ಗೌರೀನ ಮತ್ತ ಬರೀತೇನಿ. ಇಲ್ಲಂದ್ರ ಆಕಿ ಕತಿ ಮುಗೀತು ಅಂತ ತಿಳಕೋ."

ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಹುಡುಕುವುದು ಹೇಗೆ? ಆದರೆ ಕೊಂಡ ಹುಡುಗರ ಮುಖ ಒಂದನ್ನೂ ಇವನು ಮರೆತಿರಲಿಲ್ಲ. ಆ ಮುಖಗಳನ್ನೆಲ್ಲ ನೆನಪಿನಿಂದ ಬರೆದ. ಇಷ್ಟು ವರ್ಷದಲ್ಲಿ ಬೆಳೆದಿರಬೇಕಲ್ಲವೇ? ಎಲ್ಲರಿಗೂ ಮೀಸೆ ಹಚ್ಚಿದ! ಕೆಲವರಿಗೆ ಮುಂಜಾಗ್ರತೆಯಿಂದ ಬೊಕ್ಕತಲೆಯನ್ನೂ ಕೊಟ್ಟ.

ನಿಪ್ಪಾಣಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಚಿತ್ರ ತೋರಿಸಿ, "ಇಂವನ್ನ ಎಲ್ಲೆರ ನೋಡೀರೇನ್ರಿ?" ಎಂದರೆ ಜನ ಏನು ತಿಳಿಯಬೇಕು? ಸಾದಾ ಬಟ್ಟೆಯ ಪೊಲೀಸ್! ತಂಬಾಕಿನ ವ್ಯಾಪಾರಿಯೊಬ್ಬರು ಚಿತ್ರದಲ್ಲಿ ತಮ್ಮದೇ ಮುಖ ಕಂಡು ಪಕ್ಕದ ಗೋದಾಮಿನ ಹಿಂಬಾಗಿಲಿನತ್ತ ಓಟ ಕಿತ್ತರು. ಹಿಂದೆಯೇ ಇವನೂ. ತಂಬಾಕಿನ ಮೂಟೆಗಳ ನಡುವೆ ಇಬ್ಬರೂ ಸೀನಿ ಸೀನಿ ಸುಸ್ತಾಗಿ ಕೂತರು.

"ಸಾಹೇಬ್ರ, ನಾ ಏನ್ ತಪ್ಪ ಮಾಡೇನ್ರಿ?"

"ತಪ್ಪೇನಿಲ್ರಿ. ನೀವು ಹಾಳಾಗೀರೋ ಇಲ್ಲೋ, ಅಷ್ಟ ಹೇಳ್ರಿ."

ಅವರು ಸಿಟ್ಟಿನಿಂದ ಹೊರಗೆ ಹಾಕಿಸಿದರು. ಆದರೆ ಚಹಾ ಕುಡಿಸಿ ಹೊರಗೆ ಹಾಕಿಸಿದರು, ದೊಡ್ಡ ಮನುಷ್ಯರು! "ಹಾಳಾಗಿಲ್ಲ ಅಕ್ಕಾ, ಭರ್ಜರಿ ಅದಾರ. ಆದ್ರ ಗೌರಿ ಅಂದ್ರ ಯಾರ ಮಗಳು ಅಂತ ಕೇಳಿದ್ರು" ಎಂದು ನನ್ನ ತಮ್ಮ ಮುಖ ಇಳಿಸಿಕೊಂಡು ಬಂದ.

ಕಾಗವಾಡದ ದ್ರಾಕ್ಷಿ ತೋಟದಲ್ಲಿ ಸಿಕ್ಕವನಿಗೆ ಮಾತ್ರ ಎಲ್ಲ ನೆನಪಿತ್ತು. "ಮ್ಹೈಸವಾಲೇ ಕಾಕಾ!" ಎಂದು ತಬ್ಬಿಕೊಂಡೇಬಿಟ್ಟ. ಎಮ್ಮೆಯ ಕಾಕಾ ಹಿಗ್ಗಿ ಹೀರೇಕಾಯಿಯಾದ. ಆಮೇಲೆ ತಿಳಿಯಿತು, ಅವನು ಕಲಿತದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಮಾತಾಡುತ್ತಾನೆ, ಓದಲು ಬಾರದು! ಬರೀ ಚಿತ್ರ ನೋಡಿ ತಾನೇ ಕತೆ ಕಟ್ಟಿಕೊಂಡಿದ್ದ. ಅವನ ಕತೆಯಲ್ಲಿ ಗೌರಿ ಒಂದು ಪುಂಡ ಎಮ್ಮೆ. ಬಡಪಾಯಿಯೊಬ್ಬನ ಕಿಸೆಯಲ್ಲಿನ ಬೆಲ್ಲಕ್ಕಾಗಿ ಬೆನ್ನು ಹತ್ತಿದೆ.

"ಆ ಬಡವ ಪಾರಾಗ್ಲಿ ಅಂತ ನಾವೆಲ್ಲಾ ಎಷ್ಟ ಅತ್ತೇವ್ರಿ ಕಾಕಾ!"

ನನ್ನ ತಮ್ಮ ಬುಟ್ಟಿ ತುಂಬ ಸಿಹಿ ದ್ರಾಕ್ಷಿ ಹೊತ್ತು ಬಂದ, ಮುಖ ಮಾತ್ರ ಹುಳಿ. "ಅಂವ ಓದಿದ್ದು ಅಂವಂದ ಕತಿ, ನನ್ನದಲ್ಲ. ಮ್ಯಾಲ ಅದು ನನ್ನದಕ್ಕಿಂತ ಚಲೋ ಐತಿ ಅಕ್ಕಾ!"

ಕೊನೆಗೆ ರಾಯಬಾಗ. ಆ ಹುಡುಗರಲ್ಲೊಬ್ಬ ಅಲ್ಲಿ ಮಾಸ್ತರನಾಗಿದ್ದಾನೆ ಎಂದು ಗೊತ್ತಾಗಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದ. ಇದಕ್ಕಿಂತ ಒಳ್ಳೆಯದಾಗುವುದು ಇನ್ನೇನಿದೆ? ಶಾಲೆಯ ಬಾಗಿಲಿಗೆ ಹೋಗಿ ನಿಂತರೆ, ಮಾಸ್ತರ ಒಬ್ಬ ಹುಡುಗನ ಕೈಯಿಂದ ಚಿತ್ರದ ಪುಸ್ತಕ ಕಸಿದುಕೊಂಡು, "ಲೇ, ಇಂಥಾವು ಓದಿದ್ರ ಹಾಳಾಗಿ ಹೋಗ್ತಿ!" ಎನ್ನುತ್ತಿದ್ದ.

ಒಳಗೆ ಹೋಗದೆ ಅಲ್ಲಿಂದಲೇ ಬಸ್ಸು ಹತ್ತಿದ.

ಅವನು ಮನೆಗೆ ಬಂದಾಗ ನಾನು ಪಡಸಾಲೆಯಲ್ಲಿದ್ದೆ. ತೊಡೆಯ ಮೇಲೆ ಮೊಮ್ಮಗಳು. ನನ್ನ ಬಂಗಾರದ ಮೊಮ್ಮಗಳು, ಅವಳು ನಕ್ಕರೆ ಬೀದಿಯೇ ನಗುತ್ತದೆ! ಸೀರೆಯ ಮಡಿಕೆಯಲ್ಲಿ ಉಳಿಸಿಕೊಂಡಿದ್ದ ಗೌರಿಯ ಪುಸ್ತಕವನ್ನು ಬೆರಳಿಟ್ಟು ಅವಳಿಗೆ ಓದಿ ಹೇಳುತ್ತಿದ್ದೆ. ನನ್ನ ತಮ್ಮ ಚಪ್ಪಲಿ ಬಿಡುವುದನ್ನೂ ಮರೆತು ನಿಂತ.

"ಅಕ್ಕಾ, ನಿನಗ ಅಕ್ಷರ ಕೂಡಿಸಾಕ ಬರ್ತಿರಲಿಲ್ಲಲ್ಲ. ಓದಾಕ ಯಾವಾಗ ಬಂತು?"

"ನೀ ಕತ್ಯಾಗ ಗೌರೀನ ಬಾವ್ಯಾಗ ಕೆಡವಿ, ಮುಂದಿಂದು ಹೇಳದ ಗೆಳ್ಯಾನ ಮದವಿಗಂತ ಮಿರಜಕ್ಕ ಹೋದೆಲ್ಲ, ಆವಾಗ. ಪುಸ್ತಕ ಕಣ್ಣ ಮುಂದ ಇತ್ತು, ಮಂದೀನ್ನ ಕೇಳಾಕ ನಾಚಿಕಿ. ಆ ಮೂಕ ಪ್ರಾಣಿ ನೀರಾಗ ಇದ್ರ ನನಗ ರೊಟ್ಟಿ ಇಳೀತೈತೇನೋ? ಸಂಜಿತನಾ ಒಂದೊಂದ ಅಕ್ಷರ ಕೂಡಿಸಿ ಆಕೀನ ಮ್ಯಾಲ ತಂದೆ."

ಅವತ್ತಿನಿಂದ ನಾನು ಬಸ್ಸಿನ ಹಣೆಯ ಮೇಲಿನ ಊರ ಹೆಸರು ಓದಿದೆ, ಔಷಧದ ಚೀಟಿ ಓದಿದೆ. ಈಗ ನಿಮಗೆ ಇದನ್ನು ಬರೆಯುತ್ತಿದ್ದೇನೆ.

ಮೊಮ್ಮಗಳು ಪುಸ್ತಕ ಮುಗಿದದ್ದು ನೋಡಿ, "ಮುತ್ಯಾ, ಮುಂದ ಏನಾತು?" ಎಂದು ನನ್ನ ತಮ್ಮನ ಧೋತರ ಜಗ್ಗಿದಳು.

ಅವನು ಒಂದು ಸುಣ್ಣದ ಕಡ್ಡಿ ತಂದು ನೆಲದ ಮೇಲೆಯೇ ಕೂತ. ಮೊದಲು ಕೊಂಬು, ಆಮೇಲೆ ಕಿವಿ. ಬಾಯಿಯ ಹತ್ತಿರ ಮಾತಿನ ಗುಳ್ಳೆ ಬರೆದು, ಒಳಗೆ ಅಕ್ಷರಗಳನ್ನು ದೊಡ್ಡದಾಗಿ, ಬಿಡಿಸಿ ಬಿಡಿಸಿ ಇಟ್ಟ. ಇಟ್ಟು, ಮಗುವಿನ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದ.

"ಓದು, ಅಕ್ಕಾ" ಎಂದ.